ಏಣಿಯ ಮೇಲೆ ಜಾಗ ಸಿಗದ ಪದ

ಇಂಗ್ಲಿಷ್ ಟೀಚರಾಗಿ ಹೊಸದಾಗಿ ಸೇರಿದವರು ನನ್ನಂಥ ನಿವೃತ್ತರನ್ನು ಕಂಡಾಗ ಕೇಳುವ ಮೊದಲ ಪ್ರಶ್ನೆ, ಯಾವ ಪಾಠ ಎಲ್ಲಕ್ಕಿಂತ ಕಷ್ಟ ಎಂಬುದು. ನಾನು ಪ್ಯಾಸಿವ್ ವಾಯ್ಸ್ ಎನ್ನುತ್ತೇನೆ, ಇಲ್ಲವೇ ಆರ್ಟಿಕಲ್ಸ್ ಎನ್ನುತ್ತೇನೆ ಎಂದು ಅವರು ಕಾದಿರುತ್ತಾರೆ. ನಾನು ಆಲ್ವೇಸ್, ಆಫನ್, ಸಮ್‌ಟೈಮ್ಸ್, ನೆವರ್ ಎಂದಾಗ ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು ನಗುತ್ತಾರೆ. ಎಂಟನೇ ಕ್ಲಾಸಿನ ಪಾಠ, ಅರ್ಧ ಪೀರಿಯಡ್ಡಿನಲ್ಲಿ ಮುಗಿಸಿ ಉಳಿದರ್ಧದಲ್ಲಿ ಕಾಪಿ ತಿದ್ದಬಹುದು ಎಂಬುದು ಅವರ ಲೆಕ್ಕ. ಸೇರಿದ ಹೊಸದರಲ್ಲಿ ನನ್ನ ಲೆಕ್ಕವೂ ಅದೇ ಆಗಿತ್ತು.

ಒಂದು ಕೆಲಸ ಎಷ್ಟು ಸಲ ನಡೆಯುತ್ತದೆ ಎಂದು ಹೇಳುವ ಪದಗಳಿವು. ಯಾವಾಗಲೂ, ಆಗಾಗ, ಅಪರೂಪಕ್ಕೆ, ಹೀಗೆ. ಇಷ್ಟು ಹೇಳಿದರೆ ಪಾಠ ಮುಗಿಯಿತು. ಆದರೆ ಇವುಗಳಲ್ಲಿ ಒಂದು ಪದ ಅದಲುಬದಲಾಗಿದ್ದಕ್ಕೆ ಒಂದು ಮಗುವಿಗೆ ಶಾಲೆಯ ಸೀಟು ತಪ್ಪಿದ್ದನ್ನು ನಾನು ಬಲ್ಲೆ. ಮಗುವಿನ ತಾಯಿ ನನ್ನದೇ ವಿದ್ಯಾರ್ಥಿನಿ. ಆ ಸೀಟಿನ ಕಥೆ ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ನನ್ನ ಬಡ್ತಿ, ಬೀಳ್ಕೊಡುಗೆ, ಹೊದಿಸಿದ ಶಾಲು ಎಲ್ಲವೂ ಬೀರುವಿನಲ್ಲಿ ನುಸಿಗುಳಿಗೆಯ ಜೊತೆ ಕ್ಷೇಮವಾಗಿವೆ, ಅವು ಅಲ್ಲೇ ಇರಲಿ.

ನಾನು ಕೆಲಸ ಮಾಡಿದ್ದು ಮತ್ತಿಕೆರೆಯ ಒಂದು ಅನುದಾನಿತ ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ. ನಮ್ಮ ಮುಖ್ಯೋಪಾಧ್ಯಾಯರು ಗಂಗಾಧರಯ್ಯನವರು, ಮೂಲತಃ ಗಣಿತದ ಮೇಷ್ಟ್ರು. ಅಳತೆಗೆ ಸಿಗದ ವಸ್ತು ಈ ಲೋಕದಲ್ಲಿ ಇಲ್ಲ ಎಂದು ನಂಬಿದ್ದವರು. ಸ್ಟಾಫ್ ರೂಮಿನ ಕಾಫಿಯನ್ನೂ ಲೋಟಕ್ಕೆ ಎಷ್ಟು ಬಿದ್ದಿದೆ ಎಂದು ಬಗ್ಗಿ ನೋಡಿಯೇ ಕುಡಿಯುತ್ತಿದ್ದರು. ಅವರಿಗೆ ನನ್ನ ಪಾಠದ ಈ ಪದಗಳನ್ನು ಕಂಡರೆ ಬಲು ಪ್ರೀತಿ, ಯಾಕೆಂದರೆ ಪುಸ್ತಕದಲ್ಲಿ ಅವುಗಳ ಪಕ್ಕದಲ್ಲಿ ಪರ್ಸೆಂಟ್ ಇತ್ತು.

ಒಂದು ಬೇಸಿಗೆ ರಜೆಯಲ್ಲಿ ಅವರು ಡ್ರಾಯಿಂಗ್ ಮೇಷ್ಟ್ರನ್ನು ಕರೆಸಿ, ಎಂಟನೇ ಕ್ಲಾಸಿನ ಗೋಡೆಯ ಮೇಲೆ ಒಂದು ದೊಡ್ಡ ಏಣಿ ಬರೆಸಿದರು. ತುದಿಯ ಮೆಟ್ಟಿಲಲ್ಲಿ ಆಲ್ವೇಸ್, ನೂರು ಪರ್ಸೆಂಟ್. ಅದರ ಕೆಳಗೆ ಯೂಶುಯಲಿ, ಆಮೇಲೆ ಆಫನ್, ನಡುಮಧ್ಯದಲ್ಲಿ ಸಮ್‌ಟೈಮ್ಸ್, ಅದರ ಕೆಳಗೆ ರೇರ್ಲಿ, ನೆಲದ ಹತ್ತಿರ ಸೊನ್ನೆ ಪರ್ಸೆಂಟಿನ ನೆವರ್. ಯೂಶುಯಲಿ ಎಂದರೆ ಎಂಬತ್ತು ಪರ್ಸೆಂಟ್ ಎಂದು ಅಳೆದವರು ಯಾರು ಸಾರ್ ಎಂದು ನಾನು ಕೇಳಿದೆ. ಅಳೆಯದೆ ಬರೆದಿರುತ್ತಾರೆಯೇ ಎಂದು ಅವರು ನನ್ನನ್ನೇ ಕೇಳಿದರು. ಮೇಲಧಿಕಾರಿಗಳ ಜೊತೆ ವಾದ ಮಾಡುವಾಗ ಎರಡನೇ ಪ್ರಶ್ನೆ ಕೇಳಬಾರದು ಎಂಬುದನ್ನು ನಾನು ಕಲಿತಿದ್ದು ಅವರಿಂದಲೇ.

ಏಣಿಯಿಂದ ಒಂದು ಅನುಕೂಲವಂತೂ ಆಯಿತು. ವಿರುದ್ಧ ಪದ ಹೇಳಿಕೊಡುವುದು ಸುಲಭವಾಯಿತು. ಮೇಲಿನ ಆಲ್ವೇಸಿಗೆ ಕೆಳಗಿನ ನೆವರ್ ಜೋಡಿ, ಆಫನ್‌ಗೆ ರೇರ್ಲಿ ಜೋಡಿ, ಯೂಶುಯಲಿಗೂ ಅದೇ. ನಡುವಿನ ಸಮ್‌ಟೈಮ್ಸ್ ಮಾತ್ರ ಜೋಡಿಯಿಲ್ಲದೆ ಒಂಟಿಯಾಗಿ ನಿಂತಿತ್ತು. ಅದರ ತಂಟೆಗೆ ಯಾರೂ ಹೋಗುತ್ತಿರಲಿಲ್ಲ.

ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಅದರ ತಂಟೆಗೂ ಹೋದರು. ಏಣಿ ನೋಡಿ ಮೆಚ್ಚಿ, ಒಂದೊಂದೇ ವಿರುದ್ಧ ಪದ ಕೇಳುತ್ತಾ ಬಂದರು. ಮಕ್ಕಳು ಟಕಟಕ ಹೇಳಿದರು. ಗಂಗಾಧರಯ್ಯನವರ ಮುಖ ಅರಳಿತು. ಆಗ ಅಧಿಕಾರಿಗಳು, ಹಾಗಾದರೆ ಸಮ್‌ಟೈಮ್ಸ್‌ಗೆ ವಿರುದ್ಧ ಏನು ಎಂದರು. ಕ್ಲಾಸು ಗಪ್‌ಚುಪ್. ಗಂಗಾಧರಯ್ಯನವರು ನನ್ನನ್ನು ನೋಡಿದರು. ನಾನು ಏಣಿಯನ್ನು ನೋಡಿದೆ. ಏಣಿ ಯಾರನ್ನೂ ನೋಡಲಿಲ್ಲ.

ಹುಡುಗಿಯರ ಸಾಲಿನ ಕೊನೆಯ ಬೆಂಚಿನಿಂದ ನಸ್ರೀನ್ ಎದ್ದು ನಿಂತಳು. ಮನೆಯಲ್ಲಿ ದಖ್ಖನಿ ಉರ್ದು, ಬೀದಿಯಲ್ಲಿ ಕನ್ನಡ, ಕ್ಲಾಸಿನಲ್ಲಿ ಧೈರ್ಯ, ಈ ಮೂರೂ ಧಾರಾಳವಾಗಿ ಇದ್ದ ಹುಡುಗಿ.

"ರಿಮೇನಿಂಗ್ ಟೈಮ್ಸ್ ಸಾರ್," ಎಂದಳು.

ಇಡೀ ಕ್ಲಾಸು ನಕ್ಕಿತು. ಅಧಿಕಾರಿಗಳು ಕೈಯೆತ್ತಿ ನಗು ನಿಲ್ಲಿಸಿ, ಬಿಡಿಸಿ ಹೇಳು ಎಂದರು. ಅವಳು ಕನ್ನಡಕ್ಕೆ ಇಳಿದಳು. "ನಮ್ಮ ಅಮ್ಮಿ ಸಮ್‌ಟೈಮ್ಸ್ ಬಟ್ಟೆ ಹೊಲೀತಾರೆ ಸಾರ್. ರಿಮೇನಿಂಗ್ ಟೈಮ್ಸ್ ಹೊಲಿಯಲ್ಲ, ಅಡುಗೆ ಮಾಡ್ತಾರೆ. ಅದೇ ಆಪೋಸಿಟ್ ಅಲ್ವಾ?"

ಅಧಿಕಾರಿಗಳು ನಕ್ಕು ಅವಳನ್ನು ಕೂರಿಸಿದರು.  ಈಗ ಯೋಚಿಸಿದರೂ ಅವಳು ಹೇಳಿದ್ದರಲ್ಲಿ ತಪ್ಪು ಹುಡುಕಲು ಆಗುವುದಿಲ್ಲ. ಹೊಸಬರಿಗೆ ನನ್ನ ಕಿವಿಮಾತು ಇಷ್ಟೇ: ಉತ್ತರ ನಿಮ್ಮ ಬಳಿ ಇಲ್ಲದ ಪ್ರಶ್ನೆಯನ್ನು ಮಕ್ಕಳಿಗೆ ಕೇಳಿ, ಪಾಠ ಆಗ ಶುರುವಾಗುತ್ತದೆ.

ಇನ್ನು ನಮ್ಮ ಕನ್ನಡ ತಂದಿಡುವ ಪೇಚು. ಇದನ್ನು ಯಾವ ಪುಸ್ತಕವೂ ನಿಮಗೆ ಹೇಳಿಕೊಡುವುದಿಲ್ಲ. ಅವನು ಯಾವತ್ತೂ ಬರುತ್ತಾನೆ, ಅವನು ಯಾವತ್ತೂ ಬರುವುದಿಲ್ಲ. ಎರಡರಲ್ಲೂ ಅದೇ ಯಾವತ್ತೂ. ಅದು ಏಣಿಯ ತುದಿಯೋ ಬುಡವೋ ಎಂದು ತೀರ್ಮಾನವಾಗುವುದು ವಾಕ್ಯದ ಕೊನೆಯಲ್ಲಿ, ಕ್ರಿಯಾಪದ ಬಂದಮೇಲೆ. ಅಲ್ಲಿಯವರೆಗೆ ಕೇಳುವವರು ಬಾಯಿ ತೆರೆದುಕೊಂಡು ಕಾಯಬೇಕು. ಇಂಗ್ಲಿಷಿಗೆ ಅಷ್ಟು ತಾಳ್ಮೆ ಇಲ್ಲ. ನೆವರ್ ಎಂದು ಮೊದಲೇ ಬಾಗಿಲು ಹಾಕಿಬಿಡುತ್ತದೆ, ಆಮೇಲೆ ಮತ್ತೆ ಇಲ್ಲ ಎನ್ನುವ ಹಾಗಿಲ್ಲ. ನಮ್ಮ ಮಕ್ಕಳು ನೆವರನ್ನೂ ಹಾಕಿ, ಅಭ್ಯಾಸಬಲದಿಂದ ಕೊನೆಗೆ ಬರುವ ಇಲ್ಲವನ್ನೂ ಒಂದು ನಾಟ್ ಮಾಡಿ ತುರುಕುತ್ತಿದ್ದರು. ತಡವಾಗಿ ಬಂದು ಸಿಕ್ಕಿಬಿದ್ದ ಹುಡುಗನೊಬ್ಬ ಇಡೀ ಕ್ಲಾಸಿನ ಎದುರು ಕೈಕಟ್ಟಿ ನಿಂತು, ಐ ವಿಲ್ ನೆವರ್ ನಾಟ್ ಕಮ್ ಲೇಟ್ ಮಿಸ್ ಎಂದು ಪ್ರಮಾಣ ಮಾಡಿದ. ಅಂದರೆ ತಡವಾಗಿ ಬರುವುದನ್ನು ಎಂದೂ ತಪ್ಪಿಸುವುದಿಲ್ಲ ಎಂದು. ಆ ಮಾತನ್ನು ಅವನು ವರ್ಷಪೂರ್ತಿ ಚಾಚೂ ತಪ್ಪದೆ ಪಾಲಿಸಿದ.

ಇದೆಲ್ಲ ತಮಾಷೆ. ಗಂಗಾಧರಯ್ಯನವರಿಗೆ ನಿಜವಾಗಿ ಕೋಪ ಬರಿಸುತ್ತಿದ್ದ ಪದ ಬೇರೆಯೇ ಇತ್ತು. ಅದು ಡೈಲಿ.

ಈ ಊರಿನಲ್ಲಿ ಡೈಲಿ ಇಂಗ್ಲಿಷ್ ಪದ ಎಂದು ಯಾರಿಗೂ ಅನ್ನಿಸುವುದಿಲ್ಲ. ಹಾಲಿನವನು ಡೈಲಿ ಬರುತ್ತಾನೆ, ಬಸ್ಸಿಗೆ ಡೈಲಿ ಪಾಸು, ಯಶವಂತಪುರದ ಮಾರ್ಕೆಟ್ಟಿಗೆ ಡೈಲಿ ಲೋಡು. ಒಂದಕ್ಷರ ಇಂಗ್ಲಿಷ್ ಕಲಿಯದ ನಮ್ಮ ಅತ್ತೆಯೂ ಡೈಲಿ ಪೂಜೆ ಎನ್ನುತ್ತಿದ್ದರು. ಹೀಗಿರುವಾಗ ಮಕ್ಕಳು ಬರೆಯುವುದರಲ್ಲಿ ಆಶ್ಚರ್ಯವೇನು? ಡೈಲಿ ಐ ಆಮ್ ಗೋಯಿಂಗ್ ಟು ಸ್ಕೂಲ್. ಡೈಲಿ ಮೈ ಫಾದರ್ ಈಸ್ ಡ್ರಿಂಕಿಂಗ್ ಕಾಫಿ. ಪ್ರತಿ ಕಾಪಿಯಲ್ಲೂ, ಪ್ರತಿ ವಾಕ್ಯದ ನೆತ್ತಿಯ ಮೇಲೂ ಡೈಲಿ ಕೂತಿರುತ್ತಿತ್ತು. ಗಂಗಾಧರಯ್ಯನವರು ಒಂದು ದಿನ ಸ್ಟಾಫ್ ರೂಮಿಗೆ ಬಂದು, ಡೈಲಿ ಎಂದರೆ ಎಷ್ಟು ಪರ್ಸೆಂಟ್ ಎಂದು ಕೇಳಿದರು. ದಿನಕ್ಕೊಂದು ಸಲ ಸಾರ್, ಅದಕ್ಕೆ ಪರ್ಸೆಂಟ್ ಇಲ್ಲ ಎಂದೆ. ಪರ್ಸೆಂಟ್ ಇಲ್ಲದ್ದು ನಮ್ಮ ಶಾಲೆಯಲ್ಲಿ ಬೇಡ ಎಂದು ತೀರ್ಪು ಕೊಟ್ಟರು. ಪದದಲ್ಲಿ ದೋಷವಿಲ್ಲ, ವಾಕ್ಯದ ಕೊನೆಗೆ ಹಾಕಿದರೆ ಸರಿಯಾಗುತ್ತದೆ ಎಂದು ಹೇಳಿ ನೋಡಿದೆ. ಮಕ್ಕಳು ಕೊನೆಗೆ ಹಾಕುವುದಿಲ್ಲವಲ್ಲ, ಆದ್ದರಿಂದ ಬೇಡವೇ ಬೇಡ ಎಂದರು. ಅವತ್ತಿನಿಂದ ಡೈಲಿ ಕಂಡಲ್ಲೆಲ್ಲ ಕೆಂಪು ಗೆರೆ, ಮಾರ್ಕ್ಸ್ ಕಟ್.

ಈ ನಿಷೇಧದ ಮುಖ್ಯ ಆರೋಪಿ ನಸ್ರೀನ್. ಅವಳ ಕಾಪಿ ತಿದ್ದಿ ಮುಗಿಸುವ ಹೊತ್ತಿಗೆ ನನ್ನ ಕೆಂಪು ಪೆನ್ನು ಸುಸ್ತಾಗಿರುತ್ತಿತ್ತು. ಕ್ಲಾಸಿನ ಹುಡುಗರು ಅವಳಿಗೆ ಡೈಲಿ ನಸ್ರೀನ್ ಎಂದೇ ಹೆಸರಿಟ್ಟಿದ್ದರು. ಅವಳೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಡೈಲಿ ಬೈತೀರ ಮಿಸ್ ನೀವು ಎಂದು ನನಗೇ ಹೇಳುತ್ತಿದ್ದಳು.

ಏಣಿಯ ಮೇಲೆ ಜಾಗ ಸಿಗದ ಇನ್ನೊಂದು ಪದವೂ ಇತ್ತು. ಹಾರ್ಡ್ಲಿ. ಸ್ಲೋ ಇದ್ದದ್ದು ಸ್ಲೋಲಿ ಆಗುತ್ತದೆ, ಕ್ವಿಕ್ ಇದ್ದದ್ದು ಕ್ವಿಕ್ಲಿ ಆಗುತ್ತದೆ ಎಂದು ಹೇಳಿಕೊಟ್ಟ ಮೇಲೆ ಮಕ್ಕಳು ಸುಮ್ಮನಿರುತ್ತಾರೆಯೇ? ಹಾರ್ಡ್ ಎಂದರೆ ಕಷ್ಟ, ಆದ್ದರಿಂದ ಹಾರ್ಡ್ಲಿ ಎಂದರೆ ಕಷ್ಟಪಟ್ಟು. ಅಚ್ಚುಕಟ್ಟಾದ ತರ್ಕ, ಪೂರ್ತಿ ತಪ್ಪು. ಹಾರ್ಡ್ಲಿ ಎಂದರೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ, ನೆವರ್‌ಗೆ ಒಂದು ಗೇಣು ಮೇಲೆ. ಪ್ರತಿ ವರ್ಷವೂ ಇದನ್ನು ಬಾಯಿಮಾತಿನಲ್ಲಿ ಒತ್ತಿ ಒತ್ತಿ ಹೇಳುತ್ತಿದ್ದೆ. ಕಿವಿ ತನಗೆ ಇಷ್ಟವಾದದ್ದನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಮಕ್ಕಳ ಮಾತು ಬಿಡಿ, ನಮ್ಮ ವಾರ್ಷಿಕೋತ್ಸವದ ಮುಖ್ಯ ಅತಿಥಿಯೊಬ್ಬರು ಮೈಕಿನಲ್ಲಿ, ಮಿಸ್ಟರ್ ಗಂಗಾಧರಯ್ಯ ವರ್ಕ್ಸ್ ಹಾರ್ಡ್ಲಿ ಫಾರ್ ದಿಸ್ ಸ್ಕೂಲ್ ಎಂದು ಘೋಷಿಸಿದರು. ನಮ್ಮ ಮುಖ್ಯೋಪಾಧ್ಯಾಯರು ಎದ್ದು ನಿಂತು ಕೈಮುಗಿದರು. ಪೂರ್ತಿ ಸುಳ್ಳೇನಲ್ಲ ಎಂದು ನಾವು ಟೀಚರುಗಳು ಪಿಸುಗುಟ್ಟಿಕೊಂಡೆವು.

ಕಾಲ ಬದಲಾಯಿತು. ಗಂಗಾಧರಯ್ಯನವರು ನಿವೃತ್ತರಾದರು. ಗೋಡೆಗೆ ಸುಣ್ಣ ಹೊಡೆಯುವಾಗ ಏಣಿಯೂ ಹೋಯಿತು. ಆಮೇಲೆ ಸ್ಮಾರ್ಟ್ ಬೋರ್ಡ್ ಬಂತು, ಅದರಲ್ಲಿ ಆಲ್ವೇಸ್ ಎಂಬ ಪದ ಕುಣಿದುಕೊಂಡು ಬರುತ್ತಿತ್ತು, ಕರೆಂಟ್ ಹೋದರೆ ಅರ್ಧ ಕುಣಿತಕ್ಕೇ ನಿಲ್ಲುತ್ತಿತ್ತು. ಆಮೇಲೆ ತರಬೇತಿಯಲ್ಲಿ ಚಟುವಟಿಕೆ ಎಂಬ ಹೊಸ ಪದ್ಧತಿ ಕಲಿಸಿದರು. ಮಕ್ಕಳು ಜೋಡಿಜೋಡಿಯಾಗಿ ಕುಳಿತು, ಎಷ್ಟು ಸಲ ಹಲ್ಲುಜ್ಜುತ್ತೀಯ, ಎಷ್ಟು ಸಲ ಅಮ್ಮನಿಗೆ ಸಹಾಯ ಮಾಡುತ್ತೀಯ ಎಂದು ಒಬ್ಬರನ್ನೊಬ್ಬರು ಇಂಗ್ಲಿಷಿನಲ್ಲಿ ಕೇಳಬೇಕು. ಎಲ್ಲರೂ ಎಲ್ಲದಕ್ಕೂ ಆಲ್ವೇಸ್ ಎಂದರು. ಒಬ್ಬ ಹುಡುಗ ಮಾತ್ರ, ಆಲ್ವೇಸ್ ಎಂದರೆ ಬ್ರಶ್ ಬಾಯಲ್ಲೇ ಇಟ್ಕೊಂಡಿರ್ಬೇಕಾ ಮಿಸ್ ಎಂದು ಕೇಳಿದ. ಪದ್ಧತಿ ಯಾವುದಾದರೂ ಬರಲಿ, ಅಂಥ ಒಬ್ಬ ಹುಡುಗ ಕ್ಲಾಸಿನಲ್ಲಿದ್ದರೆ ಪಾಠ ಉಳಿಯುತ್ತದೆ.

ನಿವೃತ್ತಿಯಾದ ಮೇಲೆ ನಾನು, ನಮ್ಮ ಯಜಮಾನರು ತಣಿಸಂದ್ರದ ಒಂದು ಅಪಾರ್ಟ್‌ಮೆಂಟಿಗೆ ಬಂದೆವು. ಅವರಿಗೆ ಕ್ರಿಕೆಟ್, ನನಗೆ ವಾಕಿಂಗ್. ಒಂದು ಸಂಜೆ ಬ್ಲೌಸ್ ಬಿಗಿಯಾಗಿದೆ ಎಂದು ಹತ್ತಿರದ ರಸ್ತೆಯ ಲೇಡೀಸ್ ಟೈಲರ್ ಅಂಗಡಿಗೆ ಹೋದೆ. ಕತ್ತಿಗೆ ಟೇಪು ಸುತ್ತಿಕೊಂಡಿದ್ದ ಹೆಂಗಸು ಅಳತೆ ತೆಗೆಯಲು ಹತ್ತಿರ ಬಂದು, ಕೈ ಎತ್ತಿ ಎನ್ನಬೇಕಾದವಳು ಹಾಗೇ ನನ್ನ ಮುಖ ನೋಡುತ್ತಾ ನಿಂತುಬಿಟ್ಟಳು.

"ಸರೋಜಾ ಮಿಸ್ ಅಲ್ವಾ? ನಾನು ಡೈಲಿ ನಸ್ರೀನ್ ಮಿಸ್."

ಬ್ಲೌಸ್ ಮರೆತುಹೋಯಿತು. ಹತ್ತನೇ ಕ್ಲಾಸ್ ಆದಮೇಲೆ ಅವಳನ್ನು ಮುಂದೆ ಓದಿಸಲಿಲ್ಲ. ಅಮ್ಮಿಯ ಹೊಲಿಗೆ ಕಲಿತಳು, ಮದುವೆಯಾಯಿತು. ಗಂಡ ಸಲೀಂ ಗೊರಗುಂಟೆಪಾಳ್ಯದಿಂದ ಲಾರಿ ಓಡಿಸುತ್ತಾನೆ, ಹೊರಟರೆ ವಾರಗಟ್ಟಲೆ ಹೊರಗೆ. ಬಟ್ಟೆಗಳ ರಾಶಿಯ ಮೇಲೆ ಕುಳಿತು ಗುಂಡಿಗಳನ್ನು ಬಣ್ಣದ ಪ್ರಕಾರ ವಿಂಗಡಿಸುತ್ತಿದ್ದವಳು ಮಗಳು ಜೋಯಾ, ಒಂದನೇ ಕ್ಲಾಸಿಗೆ ಸೇರಬೇಕಾದ ಹುಡುಗಿ. ಸೇರಬೇಕಾದ ಎಂದೆ, ಯಾಕೆಂದರೆ ಸೀಟು ಸಿಕ್ಕಿರಲಿಲ್ಲ.

ಹೆಬ್ಬಾಳದ ಕಡೆಯ ಒಂದು ಶಾಲೆಗೆ ಮಗುವನ್ನು ಕರೆದುಕೊಂಡು ಹೋಗಿದ್ದಳು. ಈಗಿನ ಶಾಲೆಗಳಲ್ಲಿ ಮಗುವಿಗಿಂತ ಮೊದಲು ತಾಯಿ ಪಾಸಾಗಬೇಕು. ಮಗು ಪದ್ಯ ಹೇಳಿ, ಬಣ್ಣ ಗುರುತಿಸಿ, ಚೆನ್ನಾಗಿಯೇ ಮಾಡಿದಳು. ಆಮೇಲೆ ಮೇಡಂ ತಾಯಿಯ ಕಡೆ ತಿರುಗಿ, ನೀವು ಮಗುವಿನ ಜೊತೆ ಹೋಮ್‌ವರ್ಕಿಗೆ ಎಷ್ಟು ಸಲ ಕೂರುತ್ತೀರಿ ಎಂದು ಇಂಗ್ಲಿಷಿನಲ್ಲಿ ಕೇಳಿದರಂತೆ.

ಏನು ಹೇಳಿದೆ ಎಂದು ಕೇಳಿದೆ.

"ಒಳ್ಳೆ ಇಂಗ್ಲಿಷಲ್ಲೇ ಹೇಳ್ದೆ ಮಿಸ್. ಐ ವಿಲ್ ಹಾರ್ಡ್ಲಿ ಸಿಟ್ ಮೇಡಂ ಅಂದೆ. ಅವ್ರಿಗೆ ನಂಬಿಕೆ ಬರ್ಲಿಲ್ವೇನೋ ಅಂತ, ಹಾರ್ಡ್ಲಿ ಹಾರ್ಡ್ಲಿ ಅಂತ ಇನ್ನೊಂದ್ಸಲನೂ ಹೇಳ್ದೆ. ಅಷ್ಟು ಕಷ್ಟಪಡ್ತೀನಿ ಅಂದ್ರೂ ಯಾಕ್ ಮಿಸ್ ಕೊಡ್ಲಿಲ್ಲ?"

 ಸುಮ್ಮನಿರಬಹುದಿತ್ತು. ಆದರೆ ಇನ್ನೊಂದು ಶಾಲೆಯಲ್ಲಿ ಮುಂದಿನ ವಾರವೇ ಸಂದರ್ಶನವಿದೆ ಎಂದಳು. ಮನೆಯಿಂದ ನಡೆದುಹೋಗುವಷ್ಟು ಹತ್ತಿರದ ಶಾಲೆ. ದೂರದ್ದಾದರೆ ಅಂಗಡಿ ಬಿಟ್ಟು ಕರೆದುಕೊಂಡು ಹೋಗುವವರು ಯಾರು? ಇದೂ ತಪ್ಪಿದರೆ ಜೋಯಾಗೆ ಈ ವರ್ಷ ಗುಂಡಿಗಳೇ ಪಾಠ. ಹೇಳಲೇಬೇಕಾಯಿತು. ಹಾರ್ಡ್ಲಿ ಎಂದರೆ ಏನು ಎಂದು ಹೇಳಿದೆ. ನೀನು ಆ ಮೇಡಂಗೆ, ನಾನು ಮಗಳ ಜೊತೆ ಕೂರುವುದೇ ಇಲ್ಲ ಎಂದು ಎರಡು ಸಲ ಹೇಳಿ ಬಂದಿದ್ದೀಯ ಎಂದೆ.

ಅವಳು ಮೊದಲು ನಕ್ಕಳು. ಆಮೇಲೆ ಮೆಷಿನ್ನಿನ ಸ್ಟೂಲಿನ ಮೇಲೆ ಕುಳಿತು, ಟೇಪಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದಳು. ಕಣ್ಣಲ್ಲಿ ನೀರು ಬಂತು. ನನಗೆ ಆ ಪದದ ಮೇಲೆ, ಅದನ್ನು ಕಂಡುಹಿಡಿದ ಇಂಗ್ಲಿಷರ ಮೇಲೆ, ಒಂದು ಮರುಪ್ರಶ್ನೆ ಕೇಳದೆ ಕಳಿಸಿಬಿಟ್ಟ ಆ ಮೇಡಂ ಮೇಲೆ, ಎಲ್ಲರ ಮೇಲೂ ಸಿಟ್ಟು ಬಂತು. ಮಗಳ ಜೊತೆ ಕೂರದವಳು ಕತ್ತರಿ ಬಿಟ್ಟು ಆ ಶಾಲೆಗೆ ಹೋಗುತ್ತಿದ್ದಳೇ?

ಮಾರನೆಯ ಸಂಜೆಯಿಂದ ಪಾಠ ಶುರುವಾಯಿತು. ಅವಳ ಅಂಗಡಿಯ ಕತ್ತರಿಸುವ ಮೇಜಿನ ಮೇಲೆ, ಬಟ್ಟೆಗೆ ಗುರುತು ಹಾಕುವ ಚಾಕಿನಿಂದ, ಗಂಗಾಧರಯ್ಯನವರ ಏಣಿಯನ್ನು ನಾನೇ ಬರೆದೆ. ಎಷ್ಟು ವರ್ಷ ಆ ಏಣಿಯನ್ನು ಗೇಲಿ ಮಾಡಿದ್ದೆ, ಕೊನೆಗೆ ಕೈಗೆ ಬಂದದ್ದು ಅದೇ. ಅವಳು ಕಾಜಾ ಹೊಲಿಯುತ್ತಾ ಉತ್ತರ ಹೇಳುತ್ತಿದ್ದಳು. ಮನೆಯಲ್ಲಿ ಇಂಗ್ಲಿಷ್ ಮಾತಾಡುತ್ತೀರಾ? ಸಮ್‌ಟೈಮ್ಸ್. ಮಗುವಿಗೆ ಹೊಡೆಯುತ್ತೀರಾ? ನೆವರ್. ಹೋಮ್‌ವರ್ಕಿಗೆ ಕೂರುತ್ತೀರಾ? ಇಲ್ಲಿಗೆ ಬಂದರೆ ಮಾತ್ರ ನಾಲಿಗೆ ಹಳೆಯ ಹಾದಿ ಹಿಡಿಯುತ್ತಿತ್ತು. ಹಾರ್ಡ್ಲಿ ಎಂದು ಶುರುಮಾಡಿ ತುಟಿ ಕಚ್ಚಿಕೊಳ್ಳುತ್ತಿದ್ದಳು. ಆಲ್ವೇಸ್ ಹೇಳೇ ಎಂದರೆ, ಆಲ್ವೇಸ್ ಹೇಗಾಗತ್ತೆ ಮಿಸ್, ರಿಮೇನಿಂಗ್ ಟೈಮ್ಸ್ ಹೊಲೀಬೇಕಲ್ಲ ಎನ್ನುತ್ತಿದ್ದಳು. ಸುಳ್ಳು ಹೇಳಿಸುವುದು ಇಷ್ಟು ಕಷ್ಟ ಎಂದು ನನಗೆ ಗೊತ್ತಿರಲಿಲ್ಲ. ಜೋಯಾ ಅಷ್ಟರಲ್ಲಿ ಏಣಿಯ ಪದಗಳನ್ನೆಲ್ಲ ಬಾಯಿಪಾಠ ಮಾಡಿ, ನನಗೆ ಮಿಸ್ ನಾನಿ ಎಂದು ಹೊಸ ಹೆಸರಿಟ್ಟಿದ್ದಳು. ನಾನಿ ಎಂದರೆ ಅವರ ಮನೆಮಾತಿನಲ್ಲಿ ತಾಯಿಯ ತಾಯಿ.

ಸಂದರ್ಶನದ ಹಿಂದಿನ ದಿನ ಸಲೀಂ ಫೋನ್ ಮಾಡಿ, ಲೋಡು ಇಳಿದಿಲ್ಲ, ಬರುವುದಕ್ಕೆ ಆಗುವುದಿಲ್ಲ ಎಂದ. ತಂದೆ ಬಾರದಿದ್ದರೆ ಮನೆಯ ಹಿರಿಯರು ಯಾರಾದರೂ ಬರಬೇಕು ಎಂದು ಶಾಲೆಯವರು ಹೇಳಿದ್ದರು. ನಸ್ರೀನಳ ಅಮ್ಮಿ ತೀರಿಕೊಂಡು ಬಹಳ ಕಾಲವಾಗಿತ್ತು. ಅವಳು ನನ್ನನ್ನು ನೋಡಿದಳು. ಕೊನೆಯ ಬೆಂಚಿನಿಂದ ಎದ್ದು ನಿಲ್ಲುವ ಮುಂಚೆ ನೋಡುತ್ತಿದ್ದಳಲ್ಲ, ಹಾಗೆ. ಬರುತ್ತೇನೆ ಎಂದೆ.

ಗೇಟಿನಲ್ಲಿ ವಾಚ್‌ಮನ್, ನೀವು ಯಾರಾಗಬೇಕು ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಜೋಯಾ, ನಾನಿ ಎಂದಳು. ನಸ್ರೀನಳ ಬುರ್ಖಾ, ನನ್ನ ಹಣೆಯ ಕುಂಕುಮ, ಎರಡನ್ನೂ ಅವನು ಒಮ್ಮೆ ನೋಡಿದ. ಹೋಗಿ ಅಮ್ಮಾ ಎಂದು ಗೇಟು ತೆಗೆದ.

ಪ್ರಿನ್ಸಿಪಾಲ್ ಇನ್ನೂ ಚಿಕ್ಕ ವಯಸ್ಸಿನ ಹೆಂಗಸು, ಮರ್ಯಾದಸ್ಥೆ. ಮೊದಲು ಕೂರಿಸಿ, ನೀರು ಕೊಡಿಸಿ, ಆಮೇಲೆ ಮಾತಿಗೆ ಶುರುಮಾಡಿದರು. ಮನೆಯಲ್ಲಿ ಎಷ್ಟು ಸಲ ಇಂಗ್ಲಿಷ್ ಮಾತಾಡುತ್ತೀರಿ ಎಂದರು. ಸಮ್‌ಟೈಮ್ಸ್ ಮೇಡಂ, ನಸ್ರೀನ್ ಅಂದಳು. ಇಷ್ಟಕ್ಕೆ ನಿಲ್ಲಿಸು ಎಂದು ನಾನು ಮನಸ್ಸಿನಲ್ಲಿ ಬೇಡಿಕೊಂಡೆ. ಅವಳು ನಿಲ್ಲಿಸಲಿಲ್ಲ. ರಿಮೇನಿಂಗ್ ಟೈಮ್ಸ್ ಕನ್ನಡ, ಉರ್ದು ಮೇಡಂ ಎಂದು ಸೇರಿಸಿದಳು. ಪ್ರಿನ್ಸಿಪಾಲ್ ನಕ್ಕರು. ಒಳ್ಳೆಯ ನಗು, ನನಗೆ ಸ್ವಲ್ಪ ಧೈರ್ಯ ಬಂತು.

ಆಮೇಲೆ ಬಂತು ಆ ಪ್ರಶ್ನೆ. ನೀವು ಅಂಗಡಿ ನಡೆಸುತ್ತೀರಿ, ಮಗುವಿನ ಜೊತೆ ಹೋಮ್‌ವರ್ಕಿಗೆ ಎಷ್ಟು ಸಲ ಕೂರಲು ಸಾಧ್ಯ?

ನಸ್ರೀನಳ ಬಾಯಿಂದ ಹಾರ್ ಎಂಬಷ್ಟು ಹೊರಗೆ ಬಂತು. ನಾನು ಕುರ್ಚಿಯ ಕೈ ಹಿಡಿದುಕೊಂಡೆ. ಅವಳು ಥಟ್ಟನೆ ಮಾತು ತಡೆದಳು. ಬಾಯಿ ಮುಚ್ಚಿ, ನನ್ನ ಕಡೆ ತಿರುಗಿದಳು. ಏಣಿ ಪೂರ್ತಿ ಅಳಿಸಿಹೋಗಿರುವುದು ಆ ಕಣ್ಣಲ್ಲೇ ಕಾಣುತ್ತಿತ್ತು. ಆಲ್ವೇಸ್ ಎಂದು ನಾನು ಹೇಳಿಕೊಡುವ ಹಾಗಿಲ್ಲ. ಪ್ರಿನ್ಸಿಪಾಲ್ ಪೆನ್ನು ಹಿಡಿದು ಕಾಯುತ್ತಿದ್ದರು. ಜೋಯಾ ಕೂಡ ಕಾಲು ಅಲ್ಲಾಡಿಸುವುದನ್ನು ನಿಲ್ಲಿಸಿದಳು.

ನಸ್ರೀನ್ ನನ್ನಿಂದ ಮುಖ ತಿರುಗಿಸಿ, ಪ್ರಿನ್ಸಿಪಾಲರನ್ನು ನೇರವಾಗಿ ನೋಡಿದಳು.

"ಡೈಲಿ ಮೇಡಂ," ಎಂದಳು. "ಮೆಷಿನ್ ಪಕ್ಕದಲ್ಲೇ ಕೂರಿಸ್ಕೋತೀನಿ. ಡೈಲಿ."

ಆಲ್ವೇಸ್, ಯೂಶುಯಲಿ, ಆಫನ್ ಎಲ್ಲ ಸೇರಿದರೂ ಅಷ್ಟು ಗಟ್ಟಿಯಾಗಿ ಹೇಳಲಾರವು. ಎಷ್ಟು ಕಾಪಿಗಳಲ್ಲಿ ನಾನು ಆ ಪದದ ಮೇಲೆ ಕೆಂಪು ಗೆರೆ ಎಳೆದಿದ್ದೆನೋ. ಅದು ಅವಳ ನಾಲಿಗೆಯ ಮೇಲೆ ಹುಟ್ಟಿದಾಗಿನಿಂದ ಕೂತಿದ್ದ ಪದ. ಅವಳಿಗೆ ಬೇಕಾದಾಗ ಅದೊಂದೇ ಎದ್ದು ಬಂತು. ನನಗೆ ವಿಪರೀತ ಸಂತೋಷವಾಯಿತು.

ಪ್ರಿನ್ಸಿಪಾಲ್ ತಲೆಯಾಡಿಸಿ ಏನೋ ಬರೆದುಕೊಂಡರು. ಮುಗಿಯಿತು ಎಂದುಕೊಂಡು ನಾನು ಚೀಲ ಎತ್ತಿಕೊಳ್ಳುವಷ್ಟರಲ್ಲಿ ಅವರು ನನ್ನ ಕಡೆ ತಿರುಗಿದರು. ನನ್ನ ಕುಂಕುಮವನ್ನು ನೋಡಿದರೋ ಬಿಟ್ಟರೋ, ಅದರ ಬಗ್ಗೆ ಏನೂ ಕೇಳಲಿಲ್ಲ. ನೀವು ಅಜ್ಜಿಯಂತೆ, ನೀವು ಮಗುವಿನ ಜೊತೆ ಎಷ್ಟು ಸಲ ಇರುತ್ತೀರಿ ಎಂದು ಇಂಗ್ಲಿಷಿನಲ್ಲಿ ಕೇಳಿದರು. ತಾಯಿಗೆ ಕೈತುಂಬ ಕೆಲಸವಿರುವ ಮನೆಯಲ್ಲಿ ಇನ್ನೊಬ್ಬರ ಆಸರೆ ಉಂಟೋ ಇಲ್ಲವೋ ಎಂದು ತಿಳಿದುಕೊಳ್ಳಲು ಕೇಳಿದ್ದು, ನ್ಯಾಯವಾದ ಪ್ರಶ್ನೆಯೇ.

ಸರ್ವೀಸ್ ಪೂರ್ತಿ ಈ ಒಂದು ಪ್ರಶ್ನೆಯ ಉತ್ತರಗಳನ್ನೇ ಕಲಿಸಿದವಳು ನಾನು. ಏಣಿ ಕಣ್ಣಮುಂದೆ ಬಂತು. ಆಲ್ವೇಸ್ ಹಸಿ ಸುಳ್ಳು. ಸಮ್‌ಟೈಮ್ಸ್ ಎಂದರೂ ಹೆಚ್ಚೇ. ಹಿಂದಿನ ವಾರದವರೆಗೂ ನೆವರ್ ಎಂಬುದೇ ಸತ್ಯ. ಕೆಳಗೆ ನೋಡಿದರೆ ಜೋಯಾ ನನ್ನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಿದ್ದಳು, ಅವರಮ್ಮ ಟೇಪು ಸುತ್ತಿಕೊಳ್ಳುವ ಹಾಗೆಯೇ.

"ಐ ಸೀ ಹರ್ ಡೈಲಿ," ಎಂದೆ.

ಗೇಟು ದಾಟಿ ರಸ್ತೆಗೆ ಬಂದೆವು. ಕಬ್ಬಿನ ಹಾಲಿನ ಗಾಡಿಯ ಹತ್ತಿರ ನಿಂತಾಗ ನಸ್ರೀನ್, ಡೈಲಿ ಅಂದುಬಿಟ್ಟೆ ಮಿಸ್, ಮಾರ್ಕ್ಸ್ ಕಟ್ ಆಗತ್ತಾ ಎಂದು ಕೇಳಿದಳು. ಕಟ್ ಆದರೆ ನಂದೂ ಆಗುತ್ತದೆ, ನಾನೂ ಅದನ್ನೇ ಅಂದೆನಲ್ಲ ಎಂದೆ.

"ಆದ್ರೆ ನಾನ್ ನಿಜ ಹೇಳಿದ್ದು ಮಿಸ್," ಎಂದಳು. "ನೀವ್ ಸುಳ್ಳು ಹೇಳಿದ್ರಿ."

ಆಕ್ಷೇಪಣೆಯೇನಿಲ್ಲ, ಕಾಪಿ ತಿದ್ದುವವರ ಧ್ವನಿಯಲ್ಲಿ ಹೇಳಿದಳು.  ಡೈಲಿಯನ್ನು ನಾನು ವಾಕ್ಯದ ಕೊನೆಯಲ್ಲಿ ಸರಿಯಾದ ಜಾಗಕ್ಕೇ ಹಾಕಿದ್ದೆ, ವ್ಯಾಕರಣದಲ್ಲಿ ಒಂದಿಷ್ಟೂ ಲೋಪವಿರಲಿಲ್ಲ. ಸಂಗತಿ ಮಾತ್ರ ತಪ್ಪಾಗಿತ್ತು, ನಾನು ಅವಳ ಅಂಗಡಿಗೆ ಬಂದದ್ದು ಆ ಒಂದು ವಾರವಷ್ಟೆ.

ಸೀಟು ಸಿಕ್ಕಿತು. ಮೆಸೇಜು ಬಂದಾಗ ನಸ್ರೀನ್ ಫೋನನ್ನು ಹಿಡಿದುಕೊಂಡು, ಕತ್ತಿನಲ್ಲಿ ಟೇಪು ಹಾಗೇ ಇರುವಂತೆ, ನಮ್ಮ ಅಪಾರ್ಟ್‌ಮೆಂಟಿನವರೆಗೂ ನಡೆದುಕೊಂಡು ಬಂದಳು. ಜೋಯಾಳ ಯೂನಿಫಾರ್ಮನ್ನು ಅವಳೇ ಹೊಲಿದಳು, ಬೆಳೆಯುವ ಹುಡುಗಿ ಎಂದು ಒಳಗೆ ಬಟ್ಟೆ ಜಾಸ್ತಿ ಬಿಟ್ಟು. ಈಗ ಸಂಜೆಯಾದರೆ ಮೆಷಿನ್ನಿನ ಪಕ್ಕ ಒಂದು ಚಿಕ್ಕ ಮಣೆ, ಮಣೆಯ ಮೇಲೆ ಜೋಯಾ, ಎದುರಿಗೆ ಇನ್ನೊಂದು ಪ್ಲಾಸ್ಟಿಕ್ ಕುರ್ಚಿ. ಅದು ನನ್ನದು.

ಹೊಸ ಟೀಚರುಗಳೇ, ಮಕ್ಕಳು ಡೈಲಿ ಐ ಆಮ್ ಗೋಯಿಂಗ್ ಎಂದು ಬರೆದರೆ ತಿದ್ದಿ, ಬೇಡ ಎನ್ನುವುದಿಲ್ಲ. ಗೋಯಿಂಗನ್ನು ಗೋ ಮಾಡಿ, ಡೈಲಿಯನ್ನು ಕೈಹಿಡಿದು ವಾಕ್ಯದ ಕೊನೆಗೆ ಕರೆದುಕೊಂಡು ಹೋಗಿ. ಹೊಡೆದುಹಾಕಬೇಡಿ ಅಷ್ಟೆ. ಏಣಿಯ ಮೇಲಿರುವ ಪದಗಳನ್ನೆಲ್ಲ ಮನುಷ್ಯರು ಪರೀಕ್ಷೆಗಾಗಿ ಕಲಿಯುತ್ತಾರೆ. ಇದೊಂದನ್ನು ಅವರು ಬರುವಾಗಲೇ ತಂದಿರುತ್ತಾರೆ.

ಇದನ್ನು ಬರೆದು ಮುಗಿಸುವ ಹೊತ್ತಿಗೆ ಹೊರಗೆ ಜೋರು ಮಳೆ ಹಿಡಿದಿದೆ. ನಾನು ಕೊಡೆ ಹುಡುಕುವುದನ್ನು ನೋಡಿ ನಮ್ಮ ಯಜಮಾನರು ಟೀವಿಯಿಂದ ಕಣ್ಣು ತೆಗೆಯದೆಯೇ, ಈ ಮಳೇಲೂ ಹೋಗ್ಬೇಕಾ, ಒಂದಿನ ಬಿಟ್ರೆ ಏನಾಗತ್ತೆ ಎಂದು ಕೇಳುತ್ತಿದ್ದಾರೆ.

ಹೋಗಲೇಬೇಕು. ಆ ಪ್ರಿನ್ಸಿಪಾಲರ ಮುಂದೆ ಡೈಲಿ ಎಂದುಬಿಟ್ಟಿದ್ದೇನೆ.